ಉಳಿದ ಎರಡು ರೊಟ್ಟಿ

ನನ್ನ ಸೊಂಟ ಮೂರು ತಿಂಗಳಲ್ಲಿ ಮೂರು ಇಂಚು ಇಳಿದಿತ್ತು. ಅತ್ತಿಗುಪ್ಪೆಯ ಪಾರ್ಕಿನಲ್ಲಿ ಕೇಳಿದವರಿಗೂ ಕೇಳದವರಿಗೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ನೀರಾವರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನಿಗೆ ಹೇಳಿಕೊಳ್ಳಲು ಬೇರೆ ಸಾಧನೆ ಇರಲಿಲ್ಲ ಅನ್ನಿ. ಆ ಸೋಮವಾರ ಬೆಳಿಗ್ಗೆ ಹೊಸ ರಿಪೋರ್ಟ್ ಹಿಡಿದು ಡಾಕ್ಟರ್ ರಮ್ಯಶ್ರೀ ಅವರ ಕ್ಲಿನಿಕ್ಕಿಗೆ ಹೊರಟಾಗ, ಬಹಳ ದಿನಗಳ ನಂತರ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ಬೆಲ್ಟ್ ಬಿಗಿದಿದ್ದೆ.

ಮೂರು ತಿಂಗಳ ಹಿಂದೆ ಇದೇ ಡಾಕ್ಟರು ನನ್ನನ್ನು ಹೆದರಿಸಿ ಕಳಿಸಿದ್ದರು. ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ರಕ್ತದಲ್ಲಿನ ಕೊಬ್ಬು, ಒಳ್ಳೆಯ ಕೊಲೆಸ್ಟ್ರಾಲ್, ಈ ಐದರಲ್ಲಿ ಮೂರು ಹದ ತಪ್ಪಿದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರಂತೆ. ನನಗೆ ನಾಲ್ಕು ತಪ್ಪಿದ್ದವು. "ಮಾತ್ರೆ ಆಮೇಲೆ ಸಾರ್, ಮೊದಲು ತಟ್ಟೆ ಸರಿ ಮಾಡಿ," ಎಂದಿದ್ದರು. ತಟ್ಟೆ ಸರಿ ಮಾಡಿದ್ದು ನನ್ನ ಹೆಂಡತಿ ಕಮಲಾಕ್ಷಮ್ಮ. ನಾಲ್ಕು ಜೋಳದ ರೊಟ್ಟಿ ಎರಡಾಯಿತು, ಅನ್ನದ ಗುಡ್ಡೆ ಒಂದು ಹಿಡಿಯಾಯಿತು. ಮೆಂತ್ಯಸೊಪ್ಪು, ಹೆಸರುಕಾಳು, ಸೌತೆಕಾಯಿ ಕೋಸಂಬರಿ ತಟ್ಟೆಯ ಅರ್ಧ ಜಾಗ ಹಿಡಿದವು. ನಾನು ಮಾಡಿದ್ದೇನೆಂದರೆ, ದಿನಾ ಮಧ್ಯಾಹ್ನ ಮೂರನೆಯ ರೊಟ್ಟಿ ಬಂದಾಗ ಕೈ ಅಡ್ಡ ಹಿಡಿದು, "ಬೇಡ, ತೆಗಿ," ಅನ್ನುವುದು. ಅದರಲ್ಲೂ ನನಗೊಂದು ಗತ್ತಿತ್ತು.

ರಿಪೋರ್ಟ್ ನೋಡಿದ ಡಾಕ್ಟರು, "ಭೇಷ್ ಸಾರ್," ಎಂದರು. ಇನ್ನಷ್ಟು ಹೊಗಳಲಿ ಎಂದು ಕಾಯುತ್ತಿದ್ದೆ. ಆದರೆ ಅವರ ಕಣ್ಣು ನನ್ನ ಪಕ್ಕದ ಕುರ್ಚಿಯಲ್ಲಿದ್ದ ಕಮಲಳ ಕಡೆ ಹೋಯಿತು.

"ಅಮ್ಮ, ಯಾಕೆ ಇಷ್ಟು ಏದುಸಿರು ಬಿಡ್ತಾ ಇದೀರಾ?"

"ಮೆಟ್ಟಿಲು ಹತ್ತಿದ್ನಲ್ಲ," ಎಂದಳು ಕಮಲ. ಮೆಟ್ಟಿಲು ಇದ್ದದ್ದು ಹದಿನಾಲ್ಕು.

ಅವಳ ಬಿಪಿ ನೂರೈವತ್ತೆರಡು ಇತ್ತು. ಡಾಕ್ಟರು ಟೇಪು ತೆಗೆದು ಸೊಂಟ ಅಳೆದರು, ಕತ್ತಿನ ಹಿಂದಿನ ಕಪ್ಪು ಪಟ್ಟೆಯನ್ನು ಬೆರಳಿನಿಂದ ಸವರಿ ನೋಡಿದರು. ಅದು ಶುಗರ್ ಬರುವ ಮುನ್ಸೂಚನೆಯಂತೆ; ನಾನು ಇಷ್ಟು ದಿನ ಸರ ಉಜ್ಜಿದ ಗುರುತು ಅಂದುಕೊಂಡಿದ್ದೆ. ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವಂತೆ ಬರೆದುಕೊಟ್ಟರು.

ರಕ್ತ ಕೊಟ್ಟು ಬಂದ ಮಂಗಳವಾರ ಇಡೀ ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕಮಲಳ ತಾಯಿ ಐವತ್ತೆಂಟನೆಯ ವಯಸ್ಸಿಗೆ ಲಕ್ವ ಹೊಡೆದು, ಎರಡು ವರ್ಷ ಮಾತಿಲ್ಲದೆ ಮಲಗಿ ತೀರಿಕೊಂಡವರು. ಕಮಲಳಿಗೆ ಈಗ ಐವತ್ತೇಳು. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತೆಂದು ಪೇಪರ್ ಎಸೆದು ಓಡಿದೆ.

"ಏನ್ರೀ ನಿಮ್ದು? ಸೌಟು ಬಿತ್ತು ಅಷ್ಟೇ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಬುಧವಾರ ರಿಪೋರ್ಟ್ ಫೋನಿಗೆ ಬಂತು. ಕನ್ನಡಕ ಹಾಕಿ ಓದಿದೆ, ಒರೆಸಿ ಮತ್ತೆ ಓದಿದೆ. ಅವಳಿಗೆ ಐದಕ್ಕೆ ಐದೂ ತಪ್ಪಿದ್ದವು. ಕೂಡಲೇ ಅವಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ.

"ಶುಗರ್ ಇನ್ನೂ ಹೊಸ್ತಿಲ ಮೇಲಿದೆ ಅಮ್ಮ, ಒಳಗೆ ಬಂದಿಲ್ಲ," ಎಂದರು ಡಾಕ್ಟರು. "ಬಿಪಿ ಮಾತ್ರೆ ಇವತ್ತೇ ಶುರು ಮಾಡಿ. ಮಿಕ್ಕಿದ್ದಕ್ಕೆ ಮೂರು ತಿಂಗಳು ಊಟದಲ್ಲಿ ನೋಡೋಣ. ಆದ್ರೆ ಇದನ್ನ ಹೀಗೇ ಬಿಟ್ರೆ ಹಾರ್ಟಿಗೂ ಬರಬಹುದು, ಸ್ಟ್ರೋಕೂ ಆಗಬಹುದು. ಊಟಕ್ಕೆ ಏನು ತಗೋತೀರಾ?"

"ಇವರಿಗೆ ಮಾಡಿದ್ದೇ."

ಡಾಕ್ಟರು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. ಒಂದೇ ಒಲೆ, ಒಂದೇ ಪಲ್ಯ. ಒಬ್ಬರು ಇಳಿದಿದ್ದಾರೆ, ಒಬ್ಬರು ಏರಿದ್ದಾರೆ. "ಮೂರು ದಿನ ತಿಂದಿದ್ದೆಲ್ಲ ಬರೆದು ತನ್ನಿ," ಎಂದು ಕಳಿಸಿದರು.

ಆಟೋದಲ್ಲಿ ನನಗೆ ಸಿಟ್ಟು ಬಂತು. ನನ್ನ ಹೆದರಿಕೆ ಯಾವಾಗಲೂ ಸಿಟ್ಟಾಗಿಯೇ ಹೊರಬರುವುದು. "ನಾನು ಮಲಗಿದಾಗ ಬೇಕರಿಗೆ ಹೋಗ್ತೀಯಾ? ನಿಜ ಹೇಳು," ಎಂದು ಕೇಳಿಬಿಟ್ಟೆ. ಅವಳು ಹೊರಗೆ ನೋಡುತ್ತ ಕೂತಳು.

ಬರೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಗುರುವಾರ ಮಧ್ಯಾಹ್ನ ಎಂದಿನಂತೆ ಎರಡು ರೊಟ್ಟಿ ತಿಂದೆ, ಮೂರನೆಯದಕ್ಕೆ ಕೈ ಅಡ್ಡ ಹಿಡಿದೆ, ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನು ಕುಡಿದೆ. ಇದು ನಮ್ಮ ಮನೆಯ ಕ್ರಮ. ಲಿಂಗಪೂಜೆಯಾಗಿ ಅಡುಗೆ ಅರ್ಪಿಸಿದ ಮೇಲೆ ಪಾತ್ರೆಯಲ್ಲಿರುವುದೆಲ್ಲ ಪ್ರಸಾದ, ಒಂದು ಅಗುಳೂ ಚೆಲ್ಲುವಂತಿಲ್ಲ. ಮದುವೆಯಾದ ಹೊಸದರಲ್ಲಿ ಕಮಲ ಒಮ್ಮೆ ಮಿಕ್ಕ ಸಾರನ್ನು ಮೋರಿಗೆ ಚೆಲ್ಲಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದೆ. ಆಮೇಲೆ ಅವಳು ಯಾವತ್ತೂ ಚೆಲ್ಲಲಿಲ್ಲ. ಎಷ್ಟು ಚೆನ್ನಾಗಿ ತಿದ್ದಿದೆ ಎಂದು ನೆಂಟರಿಷ್ಟರ ಮುಂದೆ ಹೇಳಿಕೊಂಡದ್ದೂ ಉಂಟು.

ಬೇರೆ ದಿನವಾಗಿದ್ದರೆ ಊಟವಾದ ಮೇಲೆ ಹಾಲಿಗೆ ಹೋಗಿ ಅಡ್ಡಾಗುತ್ತಿದ್ದೆ. ಅವತ್ತು ನೋಟ್‌ಬುಕ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಮನೆಯಲ್ಲಿ ಊಟ ಮಾಡುವುದನ್ನು ಕೂತು ನೋಡಿದ್ದು ಅದೇ ಮೊದಲು.

ಅವಳು ನೆಲದ ಮೇಲೆ ಕೂತು ಎರಡು ರೊಟ್ಟಿ ಹಾಕಿಕೊಂಡಳು. ಬರೆದೆ. ಅದು ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದಿದ್ದ ಎರಡು ರೊಟ್ಟಿಯನ್ನೂ ಹಾಕಿಕೊಂಡಳು. ಎರಡನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದೆ. ಬಳಿಕ ತಳದಲ್ಲಿದ್ದ ಅನ್ನವನ್ನೆಲ್ಲ ಕೆರೆದು ಬಡಿಸಿಕೊಂಡು, ಸಾರು ಹಾಕಿ ಕಲಸಿದಳು.

"ಅಷ್ಟು ಹಸಿವಾ ನಿನಗೆ?"

"ಹಸಿವೆಲ್ಲಿ ಬಂತು? ಎರಡಕ್ಕೇ ಹೊಟ್ಟೆ ತುಂಬ್ತು."

"ಮತ್ತ್ಯಾಕೆ ತಿಂತೀಯೇ?"

"ಪ್ರಸಾದ ಚೆಲ್ಲೋಕಾಗುತ್ತೇನ್ರೀ?"

"ರಾತ್ರಿಗೆ ಇಡು."

"ರಾತ್ರಿಗೆ ನಿಮಗೆ ಬಿಸೀದೇ ಆಗ್ಬೇಕಲ್ಲ."

"ಹಾಗಾದ್ರೆ ಕಡಿಮೆ ತಟ್ಟು! ನಾನು ಎರಡೇ ತಿನ್ನೋದು ಅಂತ ಗೊತ್ತಿಲ್ವಾ?" ನನ್ನ ದನಿ ಏರಿತು.

ಅವಳು ತಟ್ಟೆಯನ್ನೇ ನೋಡುತ್ತ ಹೇಳಿದಳು, "ದಿನಾ ಬೇಡ ಅಂತೀರಾ, ಸರಿ. ಒಂದಿನ ಹಸಿವಾಗಿ ಇನ್ನೊಂದು ಹಾಕು ಅಂದ್ರೆ, ಇಲ್ಲ ಅನ್ನೋದು ಹೇಗೆ?"

ನನ್ನ ಪೆನ್ನು ನಿಂತಿತು. ನಾನು ಕೈ ಅಡ್ಡ ಹಿಡಿದು ಗೆದ್ದೆನೆಂದುಕೊಂಡ ಒಂದೊಂದು ರೊಟ್ಟಿಯೂ ತೊಂಬತ್ತು ದಿನ ಅವಳ ಹೊಟ್ಟೆಗೆ ಹೋಗಿತ್ತು. ಪಾರ್ಕಿನಲ್ಲಿ ಹೇಳಿಕೊಂಡು ತಿರುಗಿದ ಆ ಮೂರು ಇಂಚು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವಳು ಕೊನೆಯ ತುತ್ತು ಬಾಯಿಗಿಟ್ಟು, ತಟ್ಟೆಗೆ ನೀರು ಹಾಕಿ ತೊಳೆದು ಕುಡಿದಳು.

ಶುಕ್ರವಾರ ಅವಳು ಹಿಟ್ಟಿನ ಡಬ್ಬಿ ತೆರೆಯುವ ಹೊತ್ತಿಗೆ ನಾನು ಪಕ್ಕದಲ್ಲಿದ್ದೆ. ಆರು ಹಿಡಿ ಹಾಕಿದಳು. ಎರಡು ಹಿಡಿ ತೆಗೆದು ವಾಪಸ್ ಡಬ್ಬಿಗೆ ಹಾಕಿದೆ.

"ಯಾರಾದ್ರೂ ಬಂದ್ರೆ?"

"ಬಂದಾಗ ತಟ್ಟಿದ್ರಾಯ್ತು. ನಾನೇ ತಟ್ತೀನಿ."

"ನೀವಾ?" ಎಂದು ನಕ್ಕಳು. ನಗುವಾಗಲೇ ಉಸಿರು ಸಿಕ್ಕಿಕೊಂಡು ಕಟ್ಟೆ ಹಿಡಿದಳು.

"ನೀನು ಕೂತ್ಕೋ," ಎಂದು ಹಿಟ್ಟಿನ ಪರಾತ ಕಸಿದುಕೊಂಡೆ. ಬಿಸಿನೀರಿಗೆ ಬೆರಳು ಸುಟ್ಟುಕೊಂಡು ನಾದಿದೆ, ಅವಳು ಹೇಳಿಕೊಟ್ಟಂತೆ ತಟ್ಟಿದೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರುಕು. ಹೇಗೋ ಬೇಯಿಸಿ, ಅರ್ಪಿಸಿ, ಅವಳ ತಟ್ಟೆಗೆ ಹಾಕಿದೆ.

"ಮೊದಲು ನಿಮ್ದಾಗ್ಲಿ."

"ತಿನ್ನು ಅಂದೆನಲ್ಲ."

ಅವಳು ಒಂದು ಚೂರು ಮುರಿದಳು. ಹಬೆ ಎದ್ದಿತು. ಬಾಯಿಗಿಟ್ಟುಕೊಂಡವಳು ಹಾಗೆಯೇ ಕೂತುಬಿಟ್ಟಳು. ಅಗಿಯಲಿಲ್ಲ, ಮಾತಾಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಾತಿಲ್ಲದೆ ಮಲಗಿದ್ದ ಅವಳ ತಾಯಿಯ ಮುಖ ನನ್ನ ಕಣ್ಣಮುಂದೆ ಬಂತು. ಕೈಯಲ್ಲಿದ್ದ ಹಿಟ್ಟಿನ ಸಮೇತ ಅವಳ ಭುಜ ಹಿಡಿದು ಅಲ್ಲಾಡಿಸಿದೆ.

"ಕಮಲಾ! ಏನಾಯ್ತೇ? ಮಾತಾಡೇ!"

"ಏನಿಲ್ಲ ಬಿಡ್ರೀ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ರೊಟ್ಟಿ ಬಿಸಿಯಾಗಿದೆ. ಎಷ್ಟು ವರ್ಷ ಆಯ್ತೋ ಬಿಸೀದು ತಿಂದು."