ಹುರುಳಿಯ ದಿಂಬು

ಚಿಕ್ಕಬಸಪ್ಪನಿಗೆ ಕಾಲು ನೀಡಿ ಮಲಗುವ ಯೋಗವಿರಲಿಲ್ಲ. ಸತ್ತ ದಿನವೂ ಇರಲಿಲ್ಲ. ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿ ಅವನ ತಮ್ಮ ನಂಜಣ್ಣ ಕುತ್ತಿಗೆಗೆ ಬಿಸಿನೀರು ಸುರಿಯುತ್ತಿದ್ದ. ತಲೆ ಎಡಭುಜದ ಕಡೆಗೆ ವಾಲಿ ಸೆಟೆದುಕೊಂಡಿತ್ತು.

"ಇನ್ನೊಂದ್ ಚೆಂಬು ತನ್ನಿ. ನೆಟ್ಟಗಾಯ್ತದೆ."

ನೆಟ್ಟಗಾಯಿತು. ಆದರೆ ನಿಲ್ಲಲಿಲ್ಲ. ಬಿಗಿ ಬಿಟ್ಟ ಕುತ್ತಿಗೆ ಒಮ್ಮೆ ಎದೆಗೆ ಬಿದ್ದರೆ ಇನ್ನೊಮ್ಮೆ ಬೆನ್ನಿಗೆ ಬೀಳತೊಡಗಿತು.

"ಪುಣ್ಯವಂತ ಕಣ್ರೀ, ಕೂತಂಗೇ ಲಿಂಗೈಕ್ಯ ಆಗವ್ನೆ," ಎಂದ ಹುಣಸೂರಿನಿಂದ ಬಂದಿದ್ದ ಬೆಲ್ಲದ ವ್ಯಾಪಾರಿ ಗಂಗಾಧರಪ್ಪ. "ನಮ್ಮಪ್ಪನ್ನ ಕೂರುಸೋಕೆ ನಾಕು ಜನ ಬೆವರು ಸುರುಸಿದ್ರು. ಇದು ಯೋಗಿಗಳಿಗೆ ಬರೋ ಸಾವು."

"ಯೋಗ ಅಲ್ಲ, ಉಬ್ಬಸ," ಎಂದಳು ಬಾಗಿಲಲ್ಲಿ ನಿಂತಿದ್ದ ಸತ್ತವನ ಹೆಂಡತಿ ಗುರುಶಾಂತಮ್ಮ.

ಗಂಗಾಧರಪ್ಪ ಎಲೆ ಅಡಿಕೆ ತಟ್ಟೆಯ ಕಡೆ ನೋಡಿದ. ಅಷ್ಟರಲ್ಲಿ ಗುಣಿ ತೋಡುವ ಕರಿಯಯ್ಯ ಹೆಗಲ ಮೇಲೆ ಗುದ್ದಲಿ ಹೊತ್ತು ಬಂದು ಬೇಲಿಯ ಹತ್ತಿರ ನಿಂತ.

"ಕರಿಯಯ್ಯ, ಉದ್ದಕೆ ತೋಡು," ಎಂದಳು ಗುರುಶಾಂತಮ್ಮ. "ಅವ್ರನ್ನ ಮಲಗುಸ್ಬೇಕು."

ನಂಜಣ್ಣನ ಕೈಯ ಚೆಂಬು ಹಾಗೇ ನಿಂತಿತು. "ಅತ್ಗೆ, ಏನಂತಾ ಇದ್ದೀರಿ? ನಮ್ಮೋರಲ್ಲಿ ಯಾರಾದ್ರೂ ಮಲಗುಸಿರೋದು ಕಂಡಿದ್ದೀರಾ? ಅಣ್ಣನ್ನ ಮಲಗುಸಿ ಮಣ್ಣು ಮಾಡಿದ್ರು ಅಂದ್ರೆ ನಾಳೆ ನನ್ನ ಮಗಳ ಕೇಳ್ಕಂಡು ಯಾರ್ ಬತ್ತಾರೆ?"

"ಮಾತು ಕೊಟ್ಟಿದ್ದೀನಪ್ಪ."

"ನಂಗೇನು," ಎಂದ ಕರಿಯಯ್ಯ. "ಉದ್ದಕೆ ಅಂದ್ರೆ ಉದ್ದಕೆ, ಆಳಕೆ ಅಂದ್ರೆ ಆಳಕೆ. ಅರ್ಧ ತೋಡುದ್ ಮ್ಯಾಲೆ ತಿರುಗ್ಸು ಅನ್ಬೇಡಿ ಅಷ್ಟೆ."

ಯಾರೋ ಟವೆಲಿನೊಳಗೆ ನಕ್ಕರು. ಎಲ್ಲರೂ ಜಗಲಿಯ ಮೇಲೆ ಕುಳಿತಿದ್ದ ಅಯ್ಯನವರು ವೀರಭದ್ರಸ್ವಾಮಿಯ ಮುಖ ನೋಡಿದರು.

*

ಬಿಳಿಕೆರೆಯ ರಸ್ತೆ ಬದಿಯಲ್ಲಿ ಚಿಕ್ಕಬಸಪ್ಪನ ಅಂಗಡಿ. ಉಪ್ಪು, ಬೆಲ್ಲ, ಹುರುಳಿ, ಅವರೆ, ಒಣಮೆಣಸಿನಕಾಯಿ. ಅಂಗಡಿಯ ಹಿಂದೆಯೇ ಮನೆ. ಏಳು ವರ್ಷದ ಹಿಂದಿನ ಮಾಗಿಯಲ್ಲಿ ಹತ್ತಿದ ಉಬ್ಬಸ ಮತ್ತೆ ಬಿಡಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಎದೆ ಕಟ್ಟುತ್ತಿತ್ತು. ತಲೆ ಎತ್ತರಕ್ಕೆ ಇಟ್ಟುಕೊಂಡು ಮಲಗಲಿ ಎಂದು ಹುಣಸೂರಿನ ಕಾಂಪೌಂಡರ್ ಹೇಳಿ ಕಳಿಸಿದ. ಎಷ್ಟು ಎತ್ತರ, ಯಾವುದರ ಮೇಲೆ ಎಂದು ಹೇಳಲಿಲ್ಲ. ಅದನ್ನು ಗುರುಶಾಂತಮ್ಮನೇ ಕಂಡುಹಿಡಿಯಬೇಕಾಯಿತು.

ಅಂತರಸಂತೆಯ ತವರಿನಿಂದ ಬೂರುಗದ ಅರಳೆ ತರಿಸಿ ದಿಂಬು ಹೊಲಿದಳು. ಬೆಣ್ಣೆಯಂಥ ದಿಂಬು. ತಲೆ ಹೂತುಹೋಗಿ, ಕುತ್ತಿಗೆ ಮಡಚಿ, ಉಸಿರು ಇನ್ನೂ ಸಿಕ್ಕಿಕೊಂಡಿತು. ರಾಗಿ ಹೊಟ್ಟು ತುಂಬಿದಳು. ಅದರ ದೂಳಿಗೆ ಬೆಳತನಕ ಕೆಮ್ಮಿದ. ಭತ್ತದ ಹುಲ್ಲು ಚುಚ್ಚಿತು. ಕೊನೆಗೆ ಮಲಗುವ ಆಸೆಯನ್ನೇ ಬಿಟ್ಟು ಗೋಡೆಗೆ ಒರಗಿ ಕೂತ. ಉಪ್ಪಿನ ಚೀಲ ಬೆನ್ನು, ಕುತ್ತಿಗೆಗೆ ಆನಿಸಿಟ್ಟರೆ ಥಂಡಿ, ಬೆಲ್ಲದ ಚೀಲಕ್ಕೆ ಇರುವೆ. ಅವರೆ ಜಾರುತ್ತಿತ್ತು.

ಹುರುಳಿ ಜಾರಲಿಲ್ಲ. ಒರಗಿದರೆ ಒಂದಿಷ್ಟು ತಗ್ಗಿ ಅಲ್ಲೇ ನಿಂತುಬಿಡುತ್ತಿತ್ತು. ಚೀಲದ ತುಂಬ ತುಂಬಿದರೆ ಕಲ್ಲು, ತೀರ ಕಡಿಮೆಯಾದರೆ ಬರೀ ಬಟ್ಟೆ. ತುಂಬಿ, ಸುರಿದು, ಮತ್ತೆ ತುಂಬಿ ನಾಲ್ಕು ಸೇರು ಎಂದು ಗೊತ್ತುಮಾಡಿಕೊಂಡಳು. ಎಡಕಿವಿಯ ಕೆಳಗೆ ಒಂದು ಹಿಡಿಯಷ್ಟು ಹೆಚ್ಚು ಸರಿಸಿದರೆ ತಲೆ ಅಲುಗದೆ ಕೂರುತ್ತಿತ್ತು.

"ಇವ್ಳು ನನ್ನ ಎರಡ್ನೇ ಹೆಂಡ್ತಿ ಕಣೆ," ಎಂದಿದ್ದ ಚಿಕ್ಕಬಸಪ್ಪ, ಚೀಲ ತಟ್ಟುತ್ತ.

"ಇಟ್ಕಳಿ. ಹುಳ ಬಿದ್ರೆ ಬಿಸ್ಲಿಗಾಕ್ತೀನಿ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಇಳಿದ ಮೇಲೆ ಹೇಳಿದ: "ಇರೋಗಂಟ ಕೂತೇ ಇರೋದು. ಹೋದ್ ಮ್ಯಾಲೂ ಗುಣೀಲಿ ಕೂರುಸ್ತಾರೆ. ನಾನು ಮಲಗೋದು ಯಾವಾಗ್ಲೇ?"

"ನಾನಿದ್ದೀನಲ್ಲ, ಮಲಗುಸ್ತೀನಿ ಬುಡಿ."

ಬಾಯಿಮಾತಿಗೆ ಅಂದದ್ದಲ್ಲ. ಬೂರುಗದ ದಿಂಬಿಗೆ ಹೊಸ ಗವುಸು ಹಾಕಿ ಆ ದಿನಕ್ಕೆಂದು ಅಟ್ಟದ ಮೇಲೆ ಎತ್ತಿಟ್ಟಳು.

*

"ಕೂತ ಲಿಂಗವಂತ ಶಿವಯೋಗದಲ್ಲಿರ್ತಾನೆ ತಾಯಿ," ಎಂದರು ಅಯ್ಯನವರು. "ಅದು ಆಮೇಲಿನ ಮಾತು. ಮೊದಲು ನೀನೇ ಅವನ ಕಾಲು ನೀಡಿಸು, ನೋಡಾನ."

ಗುರುಶಾಂತಮ್ಮ ಅಂಗಳಕ್ಕಿಳಿದಳು. ಗಂಡನ ಮಂಡಿಗೆ ಬಿಸಿನೀರು ಹುಯ್ದಳು, ತಿಕ್ಕಿದಳು, ಹಿಮ್ಮಡಿ ಹಿಡಿದು ಎಳೆದಳು. ಮಂಡಿ ಬಿಚ್ಚಲಿಲ್ಲ; ಇಡೀ ಮೈ ಮಣೆಯ ಸಮೇತ ಅವಳ ಕಡೆಗೆ ಜರುಗಿತು. ನಂಜಣ್ಣ ಹಿಂದಿನಿಂದ ಹಿಡಿದುಕೊಂಡ. ಮತ್ತೊಮ್ಮೆ ಎಳೆದಳು. ಅಂಗಳದ ಗಂಡಸರು ನೆಲ ನೋಡುತ್ತಿದ್ದರು.

"ಇನ್ನು ಮುರೀಬೇಕು," ಎಂದರು ಅಯ್ಯನವರು ಮೆಲ್ಲಗೆ. "ಮುರೀಲಾ, ತಾಯಿ?"

ಅವಳ ಕೈ ಆ ಮಂಡಿಯ ಮೇಲೇ ಇತ್ತು.

*

ಆ ಬೆಳಿಗ್ಗೆ ಕೋಳಿ ಕೂಗಿದಾಗ ಅವಳಿಗೆ ಎಚ್ಚರವಾಗಿತ್ತು. ಗೊರಗೊರ ಸದ್ದಿರಲಿಲ್ಲ. ಅವನು ಕಾಲು ಮಡಚಿ, ಹುರುಳಿಗೆ ಒರಗಿ, ಎಡಕ್ಕೆ ವಾಲಿ, ಬಾಯಿ ಮುಚ್ಚಿಕೊಂಡು ಕೂತಿದ್ದ. ಅಂಥ ನಿದ್ದೆಯನ್ನು ಅವಳು ಏಳು ವರ್ಷದಿಂದ ಕಂಡಿರಲಿಲ್ಲ.

ಎದ್ದು ತುದಿಗಾಲಲ್ಲಿ ಹೊರಬಂದಳು. ಕಸ ಗುಡಿಸಲಿಲ್ಲ. ಬಾವಿಯ ಹತ್ತಿರ ನಂಜಣ್ಣನ ಹೆಂಡತಿ ಸುಂದ್ರಮ್ಮ ಕೊಡ ಇಳಿಬಿಡುತ್ತಿದ್ದಳು.

"ಸದ್ದು ಮಾಡ್ಬೇಡ ಕಣೆ. ಇವತ್ತು ನಿದ್ದೆ ಹತ್ತೈತೆ ಅವ್ರಿಗೆ."

"ಆಂ! ನಿಜ್ವಾ ಅಕ್ಕ?"

"ನಾನು ಹಾಕಿರೋ ದಿಂಬು ಕಣೆ ಅದು," ಎಂದಿದ್ದಳು ಗುರುಶಾಂತಮ್ಮ.

ಮೊದಲ ಬಸ್ಸು ಹಾರನ್ ಹೊಡೆದುಕೊಂಡು ಹೋದಾಗ ಡ್ರೈವರನಿಗೆ ಶಾಪ ಹಾಕಿದಳು. ಉಪ್ಪಿಗೆ ಬಂದವರನ್ನು ಕೈಸನ್ನೆ ಮಾಡಿ ವಾಪಸು ಕಳಿಸಿದಳು. ಬಿಸಿಲು ಹೊಸ್ತಿಲಿಗೆ ಬಂದ ಮೇಲೆ ಕಾಫಿ ತಂದು ಅವನ ಪಾದ ಮುಟ್ಟಿದಳು.

ದಿಂಬು ಒಂದಿಷ್ಟು ಕೆಟ್ಟದ್ದಾಗಿದ್ದರೆ ಅವನು ಪ್ರಾಣ ಹೋದಾಗಲೇ ಉರುಳುತ್ತಿದ್ದ. ಅವಳಿಗೆ ಎಚ್ಚರವಾಗುತ್ತಿತ್ತು. ಕಾಲು ಆಗಿನ್ನೂ ಮೆತ್ತಗಿರುತ್ತಿತ್ತು.

*

"ಮುರೀಬೇಡಿ," ಎಂದಳು ಗುರುಶಾಂತಮ್ಮ. ಸೆರಗಿನಿಂದ ಅವನ ಮಂಡಿ ಒರೆಸಿದಳು. "ಆಳಕೇ ತೋಡು, ಕರಿಯಯ್ಯ."

ಮಧ್ಯಾಹ್ನದ ಹೊತ್ತಿಗೆ ಗುಣಿ ಮುಗಿದಿತ್ತು. ಎಡಗೈಯಲ್ಲಿ ಲಿಂಗವಿಟ್ಟು ಚಿಕ್ಕಬಸಪ್ಪನನ್ನು ಇಳಿಸಿದರು. ಇಳಿಸುವಾಗ ತಲೆ ಎದೆಗೆ ಬಿತ್ತು. ನಂಜಣ್ಣ ಎತ್ತಿದ, ಹಿಂದಕ್ಕೆ ಬಿತ್ತು. ಗದ್ದಕ್ಕೆ ಬಿಳಿ ಬಟ್ಟೆ ಸುತ್ತಿ ಗುಣಿಯ ಗೋಡೆಗೆ ಹೊಡೆದ ಗೂಟಕ್ಕೆ ಬಿಗಿದ. ಬಾಯಿ ಸೊಟ್ಟಗಾಗಿ, ಸತ್ತವನು ಯಾರಿಗೋ ಬೈಯುತ್ತಿರುವಂತೆ ಕಂಡಿತು.

"ಬಿಚ್ಚಪ್ಪ ಅದನ್ನ," ಎಂದಳು ಗುರುಶಾಂತಮ್ಮ. ಕಂಕುಳಲ್ಲಿ ಹುರುಳಿ ಚೀಲ ಇಟ್ಟುಕೊಂಡೇ ಬಂದಿದ್ದಳು. ಬಾಗಿ ಕೊಟ್ಟಳು. "ಅಲ್ಲಲ್ಲ, ಇನ್ನೂ ಕೆಳಕ್ಕೆ. ಎಡಗಡೆ ಒಂದಿಷ್ಟು ಸರ್ಸು. ಕಿವಿ ಕೆಳಗೆ. ಹಾ, ಸಾಕು, ಕೈ ಬುಡು."

ನಂಜಣ್ಣ ಕೈ ಬಿಟ್ಟ. ತಲೆ ನಿಂತಿತು.

"ನೋಡ್ರಪ್ಪ, ನಿದ್ದೆ ಮಾಡ್ದಂಗೈತೆ," ಎಂದ ಗಂಗಾಧರಪ್ಪ.

ವಿಭೂತಿ, ಬಿಲ್ವಪತ್ರೆ, ಉಪ್ಪು ಬಿದ್ದವು. ಉಪ್ಪು ಅವನ ಅಂಗಡಿಯದೇ. ಎದೆ ಮುಚ್ಚಿತು, ಮುಖ ಮುಚ್ಚಿತು. ಚೀಲದ ಬಾಯಿಗೆ ಕಟ್ಟಿದ್ದ ಗಂಟೊಂದು ಇಣುಕುತ್ತಿತ್ತು. ಕರಿಯಯ್ಯ ಅದರ ಮೇಲೂ ಒಂದು ಮಂಕರಿ ಮಣ್ಣು ಸುರಿದ.

ಮನೆಗೆ ಬಂದು ಸ್ನಾನ ಮಾಡಿ ಗುರುಶಾಂತಮ್ಮ ಅಟ್ಟದಿಂದ ಬೂರುಗದ ದಿಂಬು ಇಳಿಸಿದಳು. ಗವುಸಿನ ದೂಳು ಕೊಡವಿ, ಅವನು ಒರಗುತ್ತಿದ್ದ ಗೋಡೆಯ ಕೆಳಗೆ ಚಾಪೆ ಹಾಕಿ, ದಿಂಬಿಟ್ಟು, ಕಾಲು ನೀಡಿ ಅಂಗಾತ ಮಲಗಿದಳು.

ಸುಂದ್ರಮ್ಮ ಬಾಗಿಲಲ್ಲಿ ಬಂದು ನಿಂತಳು. "ಅಕ್ಕ, ಅದ್ರಲ್ಲಿ ಎಷ್ಟಿತ್ತು ಹುರುಳಿ?"

"ನಾಕು ಸೇರು."

ಅಷ್ಟೇ. ಆ ದಿನ ಆ ಮನೆಯಿಂದ ಹೋದದ್ದು ಒಬ್ಬ ಗಂಡಸು, ನಾಲ್ಕು ಸೇರು ಹುರುಳಿ, ಒಂದು ಚೀಲ.