ತಂಗಿಯ ಊರಿನ ಲಾಡ್ಜು

ಈ ಕಥೆ ಹೇಳಲು ಅಂಜಿಕೆಯಾಗುತ್ತದೆ. ಇದು ಇಬ್ಬರು ಹೆಂಗಸರ ನಡುವೆ ನಡೆದದ್ದು. ಇದನ್ನು ಹೊರಗೆ ಹೇಳಿ ಎಂದು ಇಬ್ಬರಲ್ಲಿ ಯಾರೂ ಅಪ್ಪಣೆ ಕೊಟ್ಟಿಲ್ಲ. ಎಲ್ಲಾದರೂ ಹೆಚ್ಚುಕಡಿಮೆಯಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

"ಒಬ್ಬರೇ ಏನ್ರಿ?" ಎಂದು ಮೌಲಾಹುಸೇನ ಎರಡನೆಯ ಸಲ ಕೇಳಿದ.

"ಒಬ್ಬಾಕೀನೇ. ಯಾಕ, ಒಬ್ಬರಿಗೆ ಖೋಲಿ ಕೊಡೂದಿಲ್ಲೇನು?" ಎಂದಳು ಅಹಲ್ಯಾಬಾಯಿ. ಮಾನ್ವಿಯ ಶಾಲೆಯಲ್ಲಿ ನಿವೃತ್ತಿಯಾಗುವವರೆಗೂ ಮಕ್ಕಳನ್ನು ಗದರಿಸಿದ ದನಿ ಅದು. ಲಾಡ್ಜಿನ ಮ್ಯಾನೇಜರನಾದ ಮೌಲಾಹುಸೇನ ತನಗೆ ತಿಳಿಯದಂತೆಯೇ ಕುರ್ಚಿಯಿಂದ ಎದ್ದು ನಿಂತ.

ರಾಯಚೂರಿನ ಸ್ಟೇಷನ್ ಎದುರಿನ ಆ ಕಲ್ಲಿನ ಕಟ್ಟಡವನ್ನು ಮಾಲೀಕ ಗುಲಾಮ್ ದಸ್ತಗೀರರ ಅಜ್ಜ ನಿಜಾಮರ ಕಾಲದಲ್ಲಿ ಕಟ್ಟಿಸಿದ್ದ. ಮುಂಬಯಿ ಕಡೆಯ ರೈಲಿನಿಂದ ಇಳಿದವರು ಮದ್ರಾಸಿನ ರೈಲಿಗೆ ಕಾಯುತ್ತ ಅಲ್ಲಿ ಮಲಗುತ್ತಿದ್ದರಂತೆ. ಸಮುದ್ರವಿಲ್ಲದ ಬಂದರು ನಮ್ಮೂರು ಎಂದು ಅಜ್ಜ ಹೇಳುತ್ತಿದ್ದ. ಈಗ ಅಲ್ಲಿಗೆ ಬರುವವರು ಹತ್ತಿಯ ದಲಾಲರು, ಔಷಧಿ ಮಾರುವವರು, ಕೋರ್ಟಿನ ತಾರೀಖಿಗೆ ಬಂದ ದೇವದುರ್ಗದ ರೈತರು. ವಯಸ್ಸಾದ ಹೆಂಗಸೊಬ್ಬಳು ಒಂದು ಚೀಲ, ಒಂದು ಹಿತ್ತಾಳೆ ತಂಬಿಗೆ ಹಿಡಿದು ಒಬ್ಬಳೇ ಬಂದದ್ದನ್ನು ಮೌಲಾಹುಸೇನ ಹಿಂದೆಂದೂ ಕಂಡಿರಲಿಲ್ಲ.

ಖೋಲಿ ತೋರಿಸಲು ಬಂದವಳು ಅಮರಮ್ಮ. ಮಸರಕಲ್ಲಿನವಳು, ಕಸ ಗುಡಿಸಿ ನೀರು ಕಾಯಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಚೀಲ ಮಂಚದ ಮೇಲಿಡುತ್ತ ಕೇಳಿದಳು:

"ರಾಯಚೂರಾಗ ನಿಮ್ಮವರು ಅನ್ನೋರು ಯಾರೂ ಇಲ್ಲೇನ್ರಿ ಯವ್ವಾ?"

"ಇಲ್ಲ," ಎಂದಳು ಅಹಲ್ಯಾಬಾಯಿ.

ಅದು ಸುಳ್ಳು. ಊರಿನ ಇನ್ನೊಂದು ತುದಿಯಲ್ಲಿ, ಕೋಟೆಯ ಕಡೆ, ಅವಳ ಸ್ವಂತ ತಂಗಿ ಜಾನಕಿಬಾಯಿಯ ಮನೆಯಿತ್ತು. ಆ ದಿನವೇ ಅಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ್ದರು. ಊಟವಾದ ಮೇಲೆ ಅಹಲ್ಯಾಬಾಯಿ ರೂಢಿಯಂತೆ "ಬರ್ತೀನಿ" ಎಂದು ಚೀಲ ಎತ್ತಿಕೊಂಡಳು. ಹಾಗೆ ಎತ್ತಿಕೊಳ್ಳುವುದು ಹೋಗುವುದಕ್ಕಲ್ಲ. ಮನೆಯವರು ಚೀಲ ಕಸಿದುಕೊಳ್ಳಬೇಕು, ಚಪ್ಪಲಿ ಮುಚ್ಚಿಡಬೇಕು, ಬಂದವರು ಊರಲ್ಲಿ ಎಷ್ಟೋ ಕೆಲಸವಿದೆ ಎಂದು ಗೊಣಗಬೇಕು, ಕೊನೆಗೆ ಇರಬೇಕು. ಇದು ಆ ಕಡೆಯ ಎಲ್ಲರಿಗೂ ಗೊತ್ತು. ಆದರೆ ಬೀಗರು ತುಂಬಿದ್ದ ಮನೆಯಲ್ಲಿ ಜಾನಕಿ, ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಸಾರಿನ ಸೌಟು ಹಿಡಿದು, "ಲಗೂನ ಹೊರಡು ಅಕ್ಕಾ, ತಡಾ ಮಾಡಿದ್ರ ಬಸ್ಸಿನಾಗ ನಿಂತು ಹೋಗಬೇಕಾಗ್ತದ," ಎಂದುಬಿಟ್ಟಳು. ಹೊರಗೆ ಬಂದು ನೋಡಿದರೆ ಚಪ್ಪಲಿಗಳು ಬಿಟ್ಟ ಜಾಗದಲ್ಲೇ ಇದ್ದವು.

ತನ್ನೂರು ಮಾನ್ವಿಗೆ ಹೋಗುವಂತೆಯೂ ಇರಲಿಲ್ಲ. "ಜಾನಕಿ ಸೋಮವಾರದ ತನಕ ಬಿಡೂದಿಲ್ಲ" ಎಂದು ಪಕ್ಕದ ಮನೆಯ ಗೋಪಮ್ಮನಿಗೆ ಹೇಳಿ, ಹಾಲಿನವಳಿಗೆ ಹಾಲು ಬೇಡವೆಂದು ಹೇಳಿ ಬಂದಾಗಿತ್ತು. ಶುಕ್ರವಾರವೇ ಹಿಂತಿರುಗಿದರೆ ಓಣಿಗೆಲ್ಲ ತಿಳಿಯುತ್ತಿತ್ತು: ಒಡಹುಟ್ಟಿದವಳು ಒಂದು ರಾತ್ರಿ ಇರು ಅನ್ನಲಿಲ್ಲ. ಅದಕ್ಕೇ ಈ ಲಾಡ್ಜು.

ಶನಿವಾರ ಹೇಗೋ ಕಳೆಯಿತು. ಅಹಲ್ಯಾಬಾಯಿ ಖೋಲಿಯ ಬಾಗಿಲು ಹಾಕಿಕೊಂಡು, ಅಂಗಡಿಯಿಂದ ತಂದ ಸಣ್ಣ ಸ್ಟೋವಿನ ಮೇಲೆ ಅನ್ನ ಮಾಡಿಕೊಂಡಳು. ಲಾಡ್ಜಿನಲ್ಲಿ ಸ್ಟೋವು ಹಚ್ಚುವಂತಿಲ್ಲ. ಮೌಲಾಹುಸೇನ ಒಗ್ಗರಣೆಯ ವಾಸನೆಗೆ ಸೀನಿದರೂ ಮೇಲೆ ಬರಲಿಲ್ಲ. ಅಮರಮ್ಮನಿಗಂತೂ ಲಾಡ್ಜಿಗೆ ಬಂದವರಿಗೂ ಮನೆಗೆ ಬಂದ ಬೀಗರಿಗೂ ವ್ಯತ್ಯಾಸವೇ ತಿಳಿದಿರಲಿಲ್ಲ. ಬೆಳಿಗ್ಗೆ ಒಂದೊಂದು ಬಾಗಿಲಿಗೂ ಹೋಗಿ, "ನಿದ್ದಿ ಬಂತೇನ್ರಿ? ತಿಗಣಿ ಕಡಿದವೇನ್ರಿ?" ಎಂದು ಕೇಳುತ್ತಿದ್ದಳು.

"ತಿಗಣಿ ಅಂತ ನೀನಾ ಯಾಕ ನೆನಪು ಮಾಡತಿ ಬೇ?" ಎಂದು ಮೌಲಾಹುಸೇನ ಕೆಳಗಿನಿಂದ ಕೂಗುತ್ತಿದ್ದ.

"ನಾ ನೆನಪು ಮಾಡಲಿಲ್ಲಂದ್ರ ಅವು ಕಡಿಯೋದು ಬಿಡತಾವೇನ್ರಿ?"

ಭಾನುವಾರ ಬೆಳಿಗ್ಗೆ ಅಹಲ್ಯಾಬಾಯಿ ಬಾಳೆಹಣ್ಣು ತರಲು ಹೊರಗೆ ಹೋದಳು. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಜಾನಕಿಯ ಗಂಡ ಪ್ರಾಣೇಶ ಸೈಕಲ್ಲಿನ ಮೇಲೆ ಎದುರಿಗೇ ಬರುತ್ತಿದ್ದ. ಅವಳು ಸರಕ್ಕನೆ ಕುಂಬಾರನ ಗಡಿಗೆಗಳ ರಾಶಿಯ ಹಿಂದೆ ಕುಳಿತಳು.

"ಗಡಗಿ ಬೇಕೇನ್ರಿ ಯವ್ವಾ?" ಎಂದ ಕುಂಬಾರ.

"ಹೂಂ, ನೋಡ್ಲಿಕ್ಕೆ ಹತ್ತೀನಿ."

"ಗಡಗಿ ನೋಡೋರು ಗಡಗಿ ಕಡೆ ನೋಡತಾರ. ನೀವು ರಸ್ತೆ ಕಡೆ ನೋಡಾಕತ್ತೀರಿ."

ಸೈಕಲ್ಲು ಹೋಗುವವರೆಗೂ ಒಂದೊಂದನ್ನೇ ಬಡಿದು ನೋಡಿ, ಕೊನೆಗೆ ನಾಚಿಕೆಗೆ ಒಂದನ್ನು ಕೊಂಡು, ಬಾಳೆಹಣ್ಣು ಮರೆತು ಲಾಡ್ಜಿಗೆ ಬಂದಳು. ಖೋಲಿಯಲ್ಲಿ ಆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ಈ ವಯಸ್ಸಿನಲ್ಲಿ ಕಳ್ಳರಂತೆ ಅಡಗುವುದಕ್ಕಿಂತ, ಗೋಪಮ್ಮನ ಎದುರು ನಿಂತು ನನ್ನನ್ನು ಯಾರೂ ಇರು ಅನ್ನಲಿಲ್ಲ ಎಂದು ಹೇಳಿಬಿಡುವುದೇ ಒಳ್ಳೆಯದೆನ್ನಿಸಿತು. ಚೀಲ ಕಟ್ಟಿದಳು. ಬಾಗಿಲು ತೆರೆದರೆ ಹೊರಗೆ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ.

ಮೌಲಾಹುಸೇನನ ಮುಖ ಕಪ್ಪಿಟ್ಟಿತು. "ಅರೇ, ನಮ್ಮ ಲಾಡ್ಜಿನಾಗ ಕಳುವು? ಮಾಲೀಕರ ಇಜ್ಜತ್ ಏನಾಗಬೇಕು!" ಎಂದು ಮಂಚಗಳ ಕೆಳಗೆಲ್ಲ ಬಗ್ಗಿ ನೋಡಿದ. ಮಲಗಿದ್ದ ಔಷಧಿ ಮಾರುವವನನ್ನು ಎಬ್ಬಿಸಿ ಅವನ ಪೆಟ್ಟಿಗೆ ತೆಗೆಸಿದ. ಅಮರಮ್ಮ ಕಂಬಕ್ಕೆ ಆತು ನಿಂತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

"ಯಾರೂ ಕದ್ದಿಲ್ರಿ," ಎಂದಳು ಕೊನೆಗೆ. "ನಾನಾ ಮುಚ್ಚಿಟ್ಟೀನಿ. ನೀರೊಲಿ ಹಿಂದ, ಇದ್ದಲಿ ಬುಟ್ಟಿಯಾಗ."

"ತಲಿ ಕೆಟ್ಟದೇನು ನಿನಗ? ಇದೇನು ನಿನ್ನ ತವರುಮನಿ ಅಂದುಕಂಡಿಯೇನು? ಲಾಡ್ಜು ಬೇ ಇದು, ಲಾಡ್ಜು!"

ಅಮರಮ್ಮ ಅವನ ಕಡೆ ನೋಡಲಿಲ್ಲ. "ಬಂದ ದಿನಾನೇ ನಿಮ್ಮ ಚೀಲದಾಗ ತೊಟ್ಲದಾಗ ಹಂಚೋ ತಾಜಾ ಗುಗ್ಗರಿ ಕಂಡಿದ್ದೆ ಯವ್ವಾ. ತೊಟ್ಲಾ ಹಾಕಿದ ಮನಿ ಊರಾಗ ಅದ, ನೀವು ಇಲ್ಲಿಗೆ ಬಂದೀರಿ. ಇವತ್ತ ಕಿಟಕ್ಯಾಗ ನೋಡಿದ್ರ ಚೀಲ ಕಟ್ಟಾಕತ್ತಿದ್ರಿ. ಇಲ್ಲೂ ಯಾರೂ ಇರು ಅನ್ನಲಿಲ್ಲಂದ್ರ ಹ್ಯಾಂಗ ಅಂತ..." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸಿಟ್ಟು ಬಂದಿದ್ರ ತಂದುಕೊಡತೀನಿ."

ಅಹಲ್ಯಾಬಾಯಿ ಮೂಗು ಏರಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ, ಇದೇನು ಹಟಾ ನಿಂದು? ಊರಾಗ ನನಗ ಎಷ್ಟು ಕೆಲಸ ಬಿದ್ದಾವ ಗೊತ್ತದೇನು? ತುಳಸಿಗೆ ನೀರು ಹಾಕೋರಿಲ್ಲ. ಚಪ್ಪಲಿ ಕೊಡು."

ಅಮರಮ್ಮ ತಲೆ ಎತ್ತಿದಳು. ಆ ಗೊಣಗಾಟದ ರಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಕೊಡೂದಿಲ್ರಿ," ಎಂದಳು.

"ಕೊಡ್ತೀಯೋ ಇಲ್ಲೋ?"

"ಒಂದಿನ ಇದ್ರ ನಿಮ್ಮ ಗಂಟೇನು ಹೋಗತದ? ಇರ್ರಿ ಅಂದ್ರ ಇರ್ರಿ."

ಮೌಲಾಹುಸೇನ ಇಬ್ಬರ ಮುಖವನ್ನೂ ನೋಡಿದ. ಅವನೂ ಅದೇ ಸೀಮೆಯವನು. ಎರಡು ಹೆಜ್ಜೆ ಮುಂದೆ ಬಂದು ಅಹಲ್ಯಾಬಾಯಿಯ ಕೈಯಿಂದ ಚೀಲ ಕಸಿದುಕೊಂಡು ತನ್ನ ಮೇಜಿನ ಹಿಂದೆ ಇಟ್ಟ.

"ಚೀಲಾನೂ ಕೊಡೂದಿಲ್ರಿ," ಎಂದ.

"ಹಾಳಾಗಿ ಹೋಗ್ರಿ," ಎಂದಳು ಅಹಲ್ಯಾಬಾಯಿ. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಪೆಟ್ಟಿಗೆ ತೆರೆದು ನಿಂತಿದ್ದ ಔಷಧಿ ಮಾರುವವನು ಏನೂ ತಿಳಿಯದೆ ತಾನೂ ನಕ್ಕ.

ಸಂಜೆ ಹಿತ್ತಲಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ಒಬ್ಬಳು ಮೇಲಿನ ಮೆಟ್ಟಿಲು, ಒಬ್ಬಳು ಕೆಳಗಿನದು. ಅಮರಮ್ಮ ಹುರಿದ ಶೇಂಗಾ ಸುರಿದಳು. ಸಿಪ್ಪೆಯೊಳಗಿನ ಕಾಳಿಗೆ ಮೈಲಿಗೆಯಿಲ್ಲವೆಂದು ಅಹಲ್ಯಾಬಾಯಿ ಸುಲಿದು ತಿಂದಳು. ಮಸರಕಲ್ಲಿನ ಮಾತು ಬಂತು, ಶಾಲೆಯ ಮಾತು ಬಂತು, ಜಾನಕಿ ಚಿಕ್ಕವಳಿದ್ದಾಗ ಅಕ್ಕನ ಸೆರಗು ಹಿಡಿದೇ ಮಲಗುತ್ತಿದ್ದ ಮಾತೂ ಬಂತು. "ಪಾಪ, ಅಷ್ಟು ಮಂದಿಯೊಳಗ ಆಕೀಗೆ ಹೊಳೆದಿರಲಿಕ್ಕಿಲ್ಲ," ಎಂದಳು ಅಹಲ್ಯಾಬಾಯಿ. ಅಮರಮ್ಮ "ಹೂಂನ್ರಿ" ಎಂದು ಎದ್ದು ಹೋಗಿ, ಒಂದು ಸ್ಟೀಲಿನ ಲೋಟದಲ್ಲಿ ಚಹಾ ತಂದು ಮೆಟ್ಟಿಲ ಮೇಲಿಟ್ಟಳು. ಅವಳ ಕೇರಿಯವರ ಕೈಯಿಂದ ಅಹಲ್ಯಾಬಾಯಿಯ ಮನೆತನದಲ್ಲಿ ಯಾರೂ ನೀರು ಸಹ ಕುಡಿದವರಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಮನ್ಯಾಗ ಇಟಗಂಡ ಮ್ಯಾಲ ಒಂದು ಚಾ ಆದರೂ ಕೊಡಬೇಕಲ್ರಿ," ಎಂದಳು ಅಮರಮ್ಮ, ಬೇರೆ ಕಡೆ ನೋಡುತ್ತ.

ಅಷ್ಟರಲ್ಲಿ ಮದ್ರಾಸ್ ಕಡೆಯ ರೈಲು ಬಂತು. ಮೌಲಾಹುಸೇನ ಒಳಗಿನಿಂದ ಕೂಗಿದ. ಹೊಸದಾಗಿ ಬಂದವರಿಗೆ ಖೋಲಿ ತೋರಿಸಿ, ಹಾಸಿಗೆ ಕೊಡವಿ ಅಮರಮ್ಮ ಮರಳಿದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ನಲ್ಲಿಯ ಪಕ್ಕದ ಕಲ್ಲಿನ ಮೇಲೆ, ತೊಳೆದ ಲೋಟ ಬೋರಲಾಗಿತ್ತು. ಅದರ ಅಂಚಿನಿಂದ ನೀರು ಇನ್ನೂ ಇಳಿಯುತ್ತಿತ್ತು. ನಲ್ಲಿಯ ಆಚೆ ಬೇವಿನ ಮರವಿತ್ತು. ಅಮರಮ್ಮ, ಚಹಾ ಅಲ್ಲಿ ಚೆಲ್ಲಿದೆಯೇ ಎಂದು ಅದರ ಬುಡದ ಕಡೆ ನೋಡದೆ, ಲೋಟವನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ನಡೆದಳು.

ಅಹಲ್ಯಾಬಾಯಿ ಆ ಚಹಾ ಕುಡಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.