ಗೋದಾಮಿನ ಕಾವಲು

ನನ್ನ ಶಿಶುವಿಹಾರದ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು. ಗದ್ದಲ ಮಾತ್ರ ನಲವತ್ತು ಮಕ್ಕಳದ್ದು. ಅದರಲ್ಲಿ ಅರ್ಧ ಪಾಲು ನಾವೆಲ್ಲ ಚಿನಕುರುಳಿ ಎಂದು ಕರೆಯುವ ಐದು ವರ್ಷದವಳದ್ದೇ. ಸಾಲಿನಲ್ಲಿ ನಿಲ್ಲಿಸಿದರೆ ಮುಂದಿನವರನ್ನು ತಳ್ಳುವಳು, ಕಥೆ ಹೇಳಿದರೆ ನಡುವೆಯೇ ಎದ್ದು ಓಡುವಳು. ಮುಖ್ಯೋಪಾಧ್ಯಾಯಿನಿ ಅಂದು ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಇವತ್ತೊಂದಿನ ನೋಡ್ತೀನಿ. ಒಂದು ಕಡೆ ನಿಲ್ಲೋಕಾಗ್ಲಿಲ್ಲ ಅಂದ್ರೆ ನಾಳೆಯಿಂದ ಕೆಳಗಿನ ತರಗತಿಗೆ."

ನನಗೆ ಮೈಯೆಲ್ಲ ಉರಿಯಿತು. ಆ ಹುಡುಗಿಗೆ ಬುದ್ಧಿ ಕಡಿಮೆಯೇ? ಕಾಲು ಚುರುಕು, ಅಷ್ಟೇ!

ಮನೆಗೆ ಬಿಡುವ ಮುಂಚಿನ ಅರ್ಧ ಗಂಟೆ ನಮ್ಮಲ್ಲಿ ಅಂಗಡಿ ಆಟ. ಮರದ ತುಂಡುಗಳೇ ಸಾಮಾನು, ಕಪಾಟಿನ ಹಿಂದಿನ ಮೂಲೆಯೇ ಗೋದಾಮು. ಚಿನಕುರುಳಿಯ ತಲೆಗೆ ಕಾಗದದ ಟೋಪಿ ಇಟ್ಟು, "ನೀನು ಗೋದಾಮಿನ ವಾಚ್‌ಮನ್. ನಾನು ಬಂದು ಡ್ಯೂಟಿ ಮುಗೀತು ಅನ್ನೋವರೆಗೂ ಅಲ್ಲಾಡೋ ಹಾಗಿಲ್ಲ" ಎಂದೆ.

"ಗೊತ್ತು ಮಿಸ್. ನಮ್ಮಪ್ಪಾನೂ ವಾಚ್‌ಮನ್ನೇ. ಬದಲಿಯವ್ರು ಬರೋವರೆಗೂ ಗೇಟು ಬಿಡಲ್ಲ."

ಆಟ ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿ ಜಗಳವಾಗಿ ಒಬ್ಬನ ಮೂಗಿನಿಂದ ರಕ್ತ ಬಂತು. ಅವನ ಮೂಗು ಒರೆಸುತ್ತಿದ್ದಂತೆ ಗಂಟೆ ಹೊಡೆಯಿತು. ಆ ಗಡಿಬಿಡಿಯಲ್ಲಿ ಎಣಿಸದೆಯೇ ಮಕ್ಕಳನ್ನು ಗೇಟಿಗೆ ಕರೆದುಕೊಂಡು ಹೋದೆ.

"ಮೇಡಂ, ನನ್ನ ಮಗಳೆಲ್ಲಿ?" ಎಂದರು ಚಿನಕುರುಳಿಯ ಅಮ್ಮ.

ಸುತ್ತ ಹುಡುಕಿದೆ. ಜಾರುಬಂಡೆಯ ಹತ್ತಿರ ಇಲ್ಲ, ನಲ್ಲಿಯ ಹತ್ತಿರ ಇಲ್ಲ. ಗೇಟಿನಾಚೆ ಬಸ್ಸುಗಳು ಓಡುತ್ತಿದ್ದವು. "ನಾನು ಹೇಳ್ಲಿಲ್ವಾ? ಓಡ್ಹೋಗಿರ್ತಾಳೆ!" ಎಂದರು ಗೇಟಿನ ಬಳಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ. ಆಗ ನೆನಪಾಯಿತು: ಅವಳಿಗೆ ನಾನು ಡ್ಯೂಟಿ ಮುಗೀತು ಅಂದೇ ಇಲ್ಲ! ಬಿದ್ದೆನೋ ಎದ್ದೆನೋ ಎಂದು ಓಡಿದೆ. ಅವರಿಬ್ಬರೂ ನನ್ನ ಹಿಂದೆಯೇ.

ಕಪಾಟಿನ ಹಿಂದೆ ಅವಳು ನಿಂತೇ ಇದ್ದಳು! ತುಟಿ ಕಚ್ಚಿಕೊಂಡಿದ್ದಳು, ಕಾಲು ನಡುಗುತ್ತಿತ್ತು. ಒಂದು ನಿಮಿಷ ನಿಲ್ಲಲಾಗದವಳು ಮುಕ್ಕಾಲು ಗಂಟೆ ನಿಂತಿದ್ದಳು!

"ಬಾರೇ ಮರಿ" ಎಂದು ಮುಖ್ಯೋಪಾಧ್ಯಾಯಿನಿ ಮುಂದೆ ಹೋದರು. ಅವಳು ಎರಡೂ ಕೈ ಅಗಲಿಸಿ ಅಡ್ಡಗಟ್ಟಿದಳು. "ಒಳಗೆ ಬಿಡಲ್ಲ. ಮಿಸ್ ಹೇಳ್ಬೇಕು."

ನನಗೆ ನಾಚಿಕೆ, ಹೆಮ್ಮೆ, ಅಳು, ನಗು ಎಲ್ಲ ಒಟ್ಟಿಗೆ ಬಂತು. "ಡ್ಯೂಟಿ ಮುಗೀತು ಪುಟ್ಟಿ!" ಎಂದೆ.

ಮುಖ್ಯೋಪಾಧ್ಯಾಯಿನಿ ನನ್ನತ್ತ ತಿರುಗಿದರು. "ಇವಳು ಇಲ್ಲೇ ಇರ್ಲಿ. ಕೆಳಗಿನ ತರಗತಿಗೆ ನಿಮ್ಮನ್ನ ಕಳಿಸ್ಬೇಕು."

ಅಷ್ಟರಲ್ಲಿ ಚಿನಕುರುಳಿ ನನ್ನ ಸೆರಗು ಜಗ್ಗಿದಳು.

"ಮಿಸ್, ಈಗ ಒಂದಕ್ಕೆ ಹೋಗ್ಲಾ? ಆಗಿಂದ ಬರ್ತಿದೆ!"

ಅವಳನ್ನು ಎತ್ತಿಕೊಂಡು ಓಡಿದೆವು. ಎಲ್ಲರಿಗಿಂತ ಮುಂದೆ, ಬಚ್ಚಲಿನ ಬಾಗಿಲು ತೆಗೆಯಲು, ಮುಖ್ಯೋಪಾಧ್ಯಾಯಿನಿ.